ಮಂಗಳವಾರದ ತಟ್ಟೆ

ನಮ್ಮೂರಲ್ಲಿ ಯಾರು ಸತ್ತರೂ
ಚರ್ಚಿನ ನೆಲಮಾಳಿಗೆಯಲ್ಲಿ ಊಟ ಬಡಿಸುವುದು
ಒಂದೇ ಬಗೆಯ ತಟ್ಟೆಯಲ್ಲಿ:
ಅಂಚಿಗೆ ನೀಲಿ ಗೋಧಿತೆನೆ, ನಡುವೆ ಬಿಳಿ ಬಯಲು.
ಯಾರ ಮನೆಯದು ಯಾವುದೆಂದು ತಿಳಿಯಲು
ತಳದಲ್ಲಿ ಉಗುರುಬಣ್ಣದ ಬೊಟ್ಟು.
ಹೊರಗಿನವರು ಕೇಳುತ್ತಾರೆ: ಊರಿಗೆಲ್ಲ ಒಂದೇ ಅಂಗಡಿಯೇ?
ಅಲ್ಲ. ಒಂದೇ ಟಾಕೀಸು.

ಸಸ್ಕಾಚೆವಾನಿನ ಈ ಸಪಾಟು ಸೀಮೆಯಲ್ಲಿ
ಧಾನ್ಯದ ಗೋಪುರ ಬಿಟ್ಟರೆ
ತಲೆಯೆತ್ತಿ ನೋಡುವಂಥದ್ದು ರೀಜೆಂಟ್ ಒಂದೇ.
ಕುದುರೆ ಲಾಯವನ್ನು ಅಗಲಿಸಿ
ಒಸಿಪ್ ಹ್ರಿಚೆಂಕೊ ಕಟ್ಟಿಸಿದ್ದು, ಇಪ್ಪತ್ತೆಂಟರಲ್ಲಿ.
ಮಳೆ ಬಂದ ದಿನ ಮೂಕಚಿತ್ರದ ನಾಯಕಿಯೂ
ಲಾಯದ ಗಂಜಲ ನಾರುತ್ತಿದ್ದಳಂತೆ.
ಒಸಿಪನ ಹೆಂಡತಿ ಪರಾಸ್ಕ ಪಿಯಾನೊ ಬಾರಿಸುವಳು,
ಅವಳಿಗೆ ಬರುತ್ತಿದ್ದುದು ಮೂರೇ ಮಟ್ಟು:
ಮದುವೆಯದು, ಮಸಣದ್ದು, ಕುದುರೆ ಓಡುವಾಗಿನದು.
ಮೂರರಲ್ಲೇ ಎಲ್ಲ ಕತೆಯೂ ಹಿಡಿಸಿತು.

ಆಮೇಲೆ ಪರದೆಗೆ ಮಾತು ಬಂತು,
ಮಾತಿನ ಬೆನ್ನಿಗೇ ಧೂಳು.
ಹೊಲಗಳೇ ಎದ್ದು ಹೋದ ವರ್ಷಗಳು.
ಟಿಕೆಟ್ಟಿಗೆ ಆರು ಮೊಟ್ಟೆ, ಇಲ್ಲಾ ಒಂದು ಬಕೆಟ್ಟು ಕಲ್ಲಿದ್ದಲು.
ಮೊಟ್ಟೆಗಳ ಗಲ್ಲಾ ಎಷ್ಟು ದಿನ ನಡೆದೀತು?
ಒಸಿಪ್ ರೈಲಿನಲ್ಲಿ ಪಿಂಗಾಣಿ ತರಿಸಿದ, ಒಣಹುಲ್ಲಿನ ಪೆಟ್ಟಿಗೆಗಳಲ್ಲಿ.
ಮಂಗಳವಾರ ಬಂದ ಹೆಂಗಸರಿಗೆ ತಲೆಗೊಂದು ಪುಕ್ಕಟೆ.
ಈ ವಾರ ತಟ್ಟೆ, ಮುಂದಿನ ವಾರ ಬಟ್ಟಲು;
ಸಕ್ಕರೆ ಡಬ್ಬಿಯ ಮುಚ್ಚಳ ಮಾತ್ರ ಬರಲೇ ಇಲ್ಲ,
ಇಂದಿಗೂ ನಮ್ಮೂರ ಸಕ್ಕರೆಗೆ ತಲೆಯಿಲ್ಲ.
ಪರದೆಯ ಮೇಲೆ ಯಾರೋ ಅಳುವಾಗಲೇ ಸರಿಯಾಗಿ
ಯಾರದೋ ತೊಡೆಯಿಂದ ಜಾರಿ ತಟ್ಟೆ ಒಡೆಯುವುದು.
ಕತ್ತಲೆಲ್ಲ ಅದಕ್ಕೇ ಹೆಚ್ಚು ಮರುಗುವುದು.

ನನ್ನಪ್ಪ ಅಲ್ಲಿ ಟಾರ್ಚು ಹಿಡಿಯುವವ,
ಬಾಗಿಲಲ್ಲಿ ತಡವರಿಸಿದವರ ಕಾಲ ಬಳಿ ಬೆಳಕಿಟ್ಟು
ಕುರ್ಚಿತನಕ ನಡೆಸುವವ.
ಚಂದ್ರನಿಗಿಂತ ನನಗೆ ಆ ದುಂಡೇ ಹೆಚ್ಚು ಪರಿಚಯ.
ಎಡಗಡೆ ಗೋಡೆಗಂಟಿ ಮೂರು ಸಾಲು ಬೆಂಚು.
ಮೀಸಲು ನೆಲದಿಂದ ಹನ್ನೊಂದು ಮೈಲಿ ನಡೆದು ಬರುವ
ಕ್ರೀ ಜನ ಅಲ್ಲೇ ಕೂರಬೇಕು.
ಹಾಗಂತ ಎಲ್ಲೂ ಬರೆದಿರಲಿಲ್ಲ.
ಟಾರ್ಚು ಬರೆಯುತ್ತಿತ್ತು.

ಮಂಗಳವಾರದ ಸಾಲು ಅವರತನಕ ಬರುವಷ್ಟರಲ್ಲಿ
'ತಟ್ಟೆ ಮುಗಿಯಿತು' ಅನ್ನುತ್ತಿದ್ದ ಅಪ್ಪ.
ನಾನು ಪಕ್ಕದಲ್ಲೇ ನಿಂತು
ತಟ್ಟೆಗಂಟಿದ ಹುಲ್ಲು ಒರೆಸುತ್ತಿದ್ದೆ.
ಏಳು ವರ್ಷ. ಮುಗಿಯಿತು ಅಂದರೆ ಮುಗಿಯಿತು.

ಟಿವಿ ಬಂತು. ರೈಲು ನಿಂತಿತು.
ರೀಜೆಂಟ್ ಕೆಲಕಾಲ ಬಿಂಗೊ ಆಡಿಸಿತು,
ಕೆಲಕಾಲ ಗೊಬ್ಬರದ ಮೂಟೆ ಕಾಯಿತು,
ಎಂಬತ್ತಾರರ ಹಿಮದ ಭಾರಕ್ಕೆ ಮಾಡು ಮೊಣಕಾಲೂರಿತು.
ಕೆಡವುವವರು ವೇದಿಕೆಯ ಹಲಗೆ ಕಿತ್ತಾಗ
ಕೆಳಗೆ ಎರಡು ಪೆಟ್ಟಿಗೆ, ಮೊಳೆಯನ್ನೂ ಕೀಳದವು.
ನಲವತ್ತೆಂಟು ತಟ್ಟೆ. ನೀಲಿ ಗೋಧಿತೆನೆ.
ಐವತ್ತು ವರ್ಷ ಹುಲ್ಲಲ್ಲಿ ಮಲಗಿ
ಒಂದು ಗೀರೂ ಇಲ್ಲ.

ಅಪ್ಪ ಅಷ್ಟರಲ್ಲಿ ಮಣ್ಣಿನಲ್ಲಿ.
ಒಸಿಪನ ಅಪ್ಪಣೆಯೋ, ಅಪ್ಪನದೇ ಬುದ್ಧಿಯೋ,
ಬದುಕಿದ್ದಾಗ ಕೇಳಿದ್ದರೂ
ಟಾರ್ಚು ಆರಿಸಿ ಸುಮ್ಮನಾಗುತ್ತಿದ್ದ.

ಪಿಕಪ್ಪಿನಲ್ಲಿ ಹಾಕಿಕೊಂಡು ಹೊರಟೆ.
ಹನ್ನೊಂದು ಮೈಲಿ; ಹದಿನೈದೇ ನಿಮಿಷ.
ಬಾಗಿಲು ತೆರೆದ ಫಿಲೊಮೆನ್ ಮಕೋಕಿಸ್‌ಗೆ ಎಂಬತ್ತು ದಾಟಿತ್ತು.
ದಾರಿಯುದ್ದ ಬಾಯಿಪಾಠ ಮಾಡಿದ್ದ ಮಾತು
ಮೆಟ್ಟಿಲಲ್ಲೇ ಕೈಕೊಟ್ಟಿತು.
ಅವಳು ಒಂದು ತಟ್ಟೆ ಎತ್ತಿ, ಮಡಕೆ ಕೊಳ್ಳುವವಳ ಹಾಗೆ
ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟಳು.
'ಗಟ್ಟಿಯಿದೆ' ಅಂದಳು. ಆಮೇಲೆ,
'ನಿನ್ನಪ್ಪ ನಮಗೆ ಬೆಳಕು ಬಿಡುತ್ತಿದ್ದುದು ಕಾಲಿಗಲ್ಲ, ಮುಖಕ್ಕೆ.
ಕೂತ ಮೇಲೂ ಎಷ್ಟೋ ಹೊತ್ತು ಕಣ್ಣಲ್ಲಿ ಬರೀ ಹಸಿರು ಚುಕ್ಕೆ.
ಯಾವ ಕತೆಯ ಶುರುವೂ ನಾನು ನೋಡಿಲ್ಲ.'

ಒಂದನ್ನು ಇಟ್ಟುಕೊಂಡಳು.
'ಮಿಕ್ಕಿದ್ದು ಒಯ್ಯಿ. ಅಷ್ಟೊಂದು ತೊಳೆಯುವವರು ಯಾರು?'

ನಲವತ್ತೇಳು ತಟ್ಟೆ ನನ್ನ ಗ್ಯಾರೇಜಿನಲ್ಲಿವೆ.
ಚರ್ಚಿಗೆ ಕೊಡೋಣವೆಂದರೆ ತಳದಲ್ಲಿ ಬೊಟ್ಟಿಡಬೇಕು.
ನಿನ್ನೆ ಔಷಧದ ಅಂಗಡಿಗೆ ಹೋಗಿ
ಉಗುರುಬಣ್ಣದ ಸಾಲಿನೆದುರು ತುಂಬ ಹೊತ್ತು ನಿಂತು
ಕೆಮ್ಮಿನ ಗುಳಿಗೆ ಕೊಂಡು ಬಂದೆ.