ತಗಾದೆ

ಮಸ್ಜಿದ್ ಬಂದರಿನಲ್ಲಿ ಮೂರನೇ ಮಹಡಿ. ಕೆಳಗೆ ಕೈಗಾಡಿಗಳ ಬೈಗುಳ,
ಮೇಲೆ ನಾನು, ಒಂದು ಫೋನು,
ಇಪ್ಪತ್ತಾರು ವರ್ಷದ ಉದ್ರಿ.

ಸಂಬಳದ ಚೀಟಿಯಲ್ಲಿ 'ವಸೂಲಿ' ಅಂತಿದೆ. ಕೆಲಸ ಅದಲ್ಲ.
ಒಣದ್ರಾಕ್ಷಿ, ಲವಂಗ, ಕಸಕಸೆ ಒಯ್ದವರಿಗೆ
ಹೊತ್ತು ನೋಡಿ ಫೋನು ಹಚ್ಚುವುದು:
ಊಟದ ವೇಳೆಗಲ್ಲ,
ಬೋಣಿಯಾಗುವ ಮುಂಚೆಯಂತೂ ಅಲ್ಲವೇ ಅಲ್ಲ.
ಮಳೆ ಕೇಳುವುದು, ಮಗಳ ಪರೀಕ್ಷೆ ಕೇಳುವುದು,
ಕೊನೆಗೆ, ಹೊರಡುತ್ತ ಚಪ್ಪಲಿ ಹುಡುಕುವವನ ಹಾಗೆ,
"ಅದೇ, ಆ ಬಿಲ್ಲು..."

ಜೂನಿನಲ್ಲಿ ಶೇಠರು ಎಐ ತರಿಸಿದರು.
ಅದರ ಜೊತೆ ಬಂದಳು ಸಾನಿಕಾ ಬೋರ್ಕರ್,
ಬೆನ್ನಿಗೆ ಚೀಲ, ಮನೆಯಿಂದಲೇ ತಂದ ಚಹಾ.
"ಕಾಕಾ, ಯಾರಿಗೆ ಮೊದಲು ಅಂತ ಹೇಗೆ ಗೊತ್ತಾಗುತ್ತೆ?"
ಗೊತ್ತಾಗುತ್ತದೆ, ಅಂದೆ.
ಬರೆದುಕೊಂಡಳು. ಅಳಿಸಿದಳು.
"ನಿಯಮ ಏನಾದರೂ?"
ಗೋಡಂಬಿ ಕಚ್ಚಿ ನೋಡಿದ ಹಾಗೆ, ಅಂದೆ.
ಅದನ್ನೂ ಅಳಿಸಿದಳು.
ಆಮೇಲೆ ನನ್ನನ್ನು ಕೇಳುವುದು ಬಿಟ್ಟು ನನ್ನ ವಹಿಗಳನ್ನು ಕೇಳಿದಳು.
ಯಾವ ತಾರೀಖು, ಯಾರಿಗೆ, ಎಷ್ಟು ಸಲ:
ಹನ್ನೊಂದು ವರ್ಷವನ್ನು ತುತ್ತು ತುತ್ತಾಗಿ
ಹಟ ಮಾಡದ ಕೂಸಿಗೆ ಉಣಿಸಿದಂತೆ ಉಣಿಸಿದಳು.

ಈಗ ಮುಂಜಾನೆ ಹತ್ತಕ್ಕೆ ಪಟ್ಟಿ ಅದೇ ಮಾಡುತ್ತದೆ,
ಸಂದೇಶ ಅದೇ ಬರೆಯುತ್ತದೆ, ಗುಜರಾತಿ, ಮರಾಠಿ, ನನಗಿಂತ ಮೆತ್ತಗೆ.
ಮಳೆ ಕೂಡ ಕೇಳುತ್ತದೆ. ಸುಡುಬಿಸಿಲಿನ ದಿನವೂ ಕೇಳಿತು ಒಮ್ಮೆ.
ನನ್ನ ಪಾಲಿಗೆ ಒಂದು ಹಸಿರು ಗುಂಡಿ.
ಒತ್ತುತ್ತೇನೆ.

ಆ ಬುಧವಾರ ಧೀರಜಭಾಯಿ ಗಾಲಾ
ಕನ್ನಡಕ ಹಣೆಗೇರಿಸಿ ನನ್ನ ಬೆನ್ನ ಹಿಂದೆ ನಿಂತರು:
"ತಾಳಿಕೋಟಿ, ಈ ವಸಾಯಿ ಬೇಕರಿ. ತೊಂಬತ್ತು ದಿನ ದಾಟಿದೆ.
ಮಶೀನು ಒಂದು ಸಲವೂ ಕೇಳಿಲ್ಲವಲ್ಲ?"

ಫಿಲೋಮಿನಾ ತುಸ್ಕಾನೊ.
ಹದಿನಾಲ್ಕು ವರ್ಷದ ಕೆಳಗೆ, ಒಂದು ಮಧ್ಯಾಹ್ನ,
ನಲವತ್ತೊಂದು ಸಾವಿರಕ್ಕೆ ನಾನು ಹಚ್ಚಿದ ಫೋನು.
ಆಕೆಯ ಹಲೋ ಹಿಂದೆ ಗಂಟೆ, ತಡೆದು ತಡೆದು, ಒಂದೊಂದೇ.
"ಗಂಡನನ್ನು ಈಗ ಮಣ್ಣಿಗಿಡುತ್ತಿದ್ದಾರೆ.
ನಾಳೆ ತಂದರೆ ನಡೆದೀತೇ?"
ಬಂದಳು ಕೂಡ, ವಿರಾರ್ ಲೋಕಲ್ಲಿನಲ್ಲಿ ನಿಂತುಕೊಂಡೇ,
ಕಪ್ಪು ಉಡುಪು, ನೋಟಿನ ಕಟ್ಟಿಗೆ ಪಾವಿನ ಪೊಟ್ಟಣದ ರಬ್ಬರು.
ನಾನು ಎಣಿಸಿದೆ.
ಎಣಿಸಿದೆನಲ್ಲ, ಅದು.
ಆಮೇಲೆ ಆ ನಂಬರಿಗೆ ನನ್ನ ಬೆರಳು ಹೋಗಲಿಲ್ಲ.
ತನಗಾದಾಗ ಕೊಡುತ್ತಾಳೆ; ಹೆಚ್ಚಾಗಿ ಕ್ರಿಸ್‌ಮಸ್ಸಿನ ಕೇಕು ಮಾರಿದ ಮೇಲೆ.

ಇದನ್ನು ಸಾನಿಕಾಗೆ ಹೇಳಿಲ್ಲ. ಹೆಂಡತಿಗೂ ಹೇಳಿಲ್ಲ.
ಯಂತ್ರ ಎಲ್ಲಿ ಓದಿತು?
ನಾನು ಬರೆಯದೆ ಬಿಟ್ಟ ಸಾಲುಗಳಲ್ಲಿ.
ಅದಕ್ಕೆ ಗಂಟೆ ಕೇಳಿಸಿಲ್ಲ, ಮಣ್ಣು ಗೊತ್ತಿಲ್ಲ;
ಈ ಕೈ ಎಲ್ಲಿ ತಡೆಯಿತೋ ಅಲ್ಲಿ ತಾನೂ ತಡೆಯುವುದು, ಅಷ್ಟೇ.

ಇಷ್ಟೇ ಆಗಿದ್ದರೆ ಅದಕ್ಕೆ ಕೈಮುಗಿಯುತ್ತಿದ್ದೆನೇನೋ.
ಪಟ್ಟಿ ಕೆಳಗೆಳೆದೆ: ಕೇಳದೆ ಬಿಟ್ಟ ಖಾತೆ ಇನ್ನೂ ನಾಲ್ಕು.
ಸಣ್ಣ ಅಂಗಡಿ, ದೂರದ ಸ್ಟೇಷನ್ನು, ಚಿಲ್ಲರೆ ಚಿಲ್ಲರೆ ಜಮೆ.
ಎಲ್ಲರೂ ತುಸ್ಕಾನೊ ಹಾಗೇ ಕಂಡಿರಬೇಕು.
ಮೂವರು ಹೊಸಬರು, ನನಗೆ ಪರಿಚಯವಿಲ್ಲ.
ನಾಲ್ಕನೆಯವನು, ಕಲ್ಯಾಣಿನ ಆ ಮಸಾಲೆಯವನು,
ಪಕ್ಕಾ ಕಳ್ಳ;
ದೇವರ ಮುಂದಿನ ಊದುಬತ್ತಿಯನ್ನೂ ಉದ್ರಿ ತಂದವನು.

"ಏನಪ್ಪಾ?" ಅಂದರು ಶೇಠರು.
"ಮಶೀನು ಏನೋ ಲೆಕ್ಕ ಹಾಕಿರಬೇಕು" ಅಂದೆ.
ಅವರು ಪರದೆ ನೋಡಿದರು, ನನ್ನನ್ನಲ್ಲ.
ನನ್ನ ಮಾತಿಗೆ ಒಂದು ದಿನವೂ ಸಿಗದ ಮರ್ಯಾದೆಯಿಂದ
ತಲೆಯಾಡಿಸಿ ಹೋದರು.

ರಾತ್ರಿ ಎಲ್ಲ ಖಾಲಿಯಾದ ಮೇಲೆ
ಹಳೆಯ ಫೋನಿನ ದೂಳು ಅಂಗಿಯಲ್ಲೇ ಒರೆಸಿ
ಕಲ್ಯಾಣಿನವನಿಗೆ ನಾನೇ ಹಚ್ಚಿದೆ,
ಎಂಟೂವರೆಗೆ,
ಸರಿಯಾಗಿ ಊಟದ ವೇಳೆಗೆ,
ಬೇಕೆಂದೇ.