ರಟ್ಟಿನ ಮೇಲೆ ಒಂದು ಮಾತು

ಬರ್ಟನ್ನಿನಲ್ಲಿ, ಟ್ರೆಂಟ್ ಹೊಳೆಯ ಮಗ್ಗುಲಿಗೆ,
ಪಬ್ಬಿನ ಹಿಂದೆ ಹನ್ನೊಂದು ಮೆಟ್ಟಿಲಿಳಿದರೆ ನೆಲಮಾಳಿಗೆ.
ಡಿಸೆಂಬರಿನ ಮೊದಲ ಗುರುವಾರ ನಾಲ್ಕೇ ಜನ,
ಒಂದೇ ಬಾಟಲಿ.

ಈ ಏಲಿನ ಹುಟ್ಟೇ ಒಂದು ಎಡವಟ್ಟು.
ಮೂವತ್ತೊಂದು ವರ್ಷದ ಹಿಂದೆ ಕಾವಲಿದ್ದವನು ತೂಕಡಿಸಿ
ಬಾರ್ಲಿಯ ರಸ ರಾತ್ರಿಯಿಡೀ ಕುದಿದು
ಕೊಪ್ಪರಿಗೆಯಲ್ಲಿ ಪಾಕವಾಗಿ ಕೂತಿತ್ತು.
ಚರಂಡಿಗೆ ಚೆಲ್ಲು ಎಂದರು ಯಜಮಾನರು.
ಹೂಂ ಎಂದ ಈನಕ್ ಟನಿಕ್ಲಿಫ್. ಚೆಲ್ಲಲಿಲ್ಲ.
ತೂಕಡಿಸಿದವನೂ ಅವನೇ.

ಈಗ ಅವನಿಗೆ ಎಪ್ಪತ್ತೆಂಟು.
ಮೋಂಬತ್ತಿಯನ್ನು ಬಾಟಲಿಯ ಹೆಗಲಿಗೆ ಹಿಡಿದು
ತಳದ ಗಷ್ಟು ಕದಲದಂತೆ ಬಗ್ಗಿಸುತ್ತಾನೆ,
ನಿದ್ದೆ ಹತ್ತಿದ ಕೂಸನ್ನು ತೋಳಿಂದ ತೋಳಿಗೆ ಬದಲಿಸುವ ಹಾಗೆ.
ಲೋಟಕ್ಕೆ ನಾಲ್ಕು ಬೆರಳು, ಹೆಚ್ಚಿಲ್ಲ.
ನೊರೆ ಎದ್ದಿತು ಎನ್ನುವಷ್ಟರಲ್ಲಿ
ಅಂಚಿಗೆ ಸರಿದು ಕೂತಿತು.

"ಗಟಗಟ ಕುಡಿಯೋದಲ್ಲ ಇದು. ಅಂಗೈಯಲ್ಲಿ ಕಾಯಿಸಿಕೋ.
ಮೊದಲು ಮೂಗಿಗೆ ಕೊಡು, ಬಾಯಿ ಕಾಯಲಿ."

ಹೊಸಬ ಡೆಸ್ಮಂಡ್ ಏಕರ್ಸ್, ಹೆಂಚು ಹೊದಿಸುವವನು,
ಕೊಟ್ಟ.
ಮೊದಲು ಆಗಷ್ಟೇ ಗೀರಿದ ಬೆಂಕಿಕಡ್ಡಿ:
ಅದು ಈ ಊರ ಬಾವಿಯದು, ತಳದ ಕಲ್ಲಿನದು.
ಅದು ಆರಿದ ಮೇಲೆ ಒಣದ್ರಾಕ್ಷಿ, ಕಾಕಂಬಿ,
ಮಳೆಗೆ ನೆಂದು ಒಲೆಯ ಮುಂದೆ ಒಣಗಿದ ಕುದುರೆಯ ಜೀನು.
ನಾಲಿಗೆಯ ಮೇಲೆ ಸಿಹಿ ಕಾಲು ಚಾಚಿ ಕೂತು
ಇನ್ನೇನು ಮನೆಯವಳೇ ಆದಳು ಅನ್ನುವಾಗ
ಹಿಂಬಾಗಿಲಿಂದ ಬಂತು ಕಹಿ, ಹಳೇ ಬಾಕಿ ಕೇಳುವವನಂತೆ.
ಕೊನೆಗೆ ಇನ್ನೂ ಏನೋ.
ಅವರ ಮಾತಿನಲ್ಲಿ ಒಗರಿಗೆ ಮನೆಬಳಕೆಯ ಹೆಸರಿಲ್ಲ;
ಡೆಸ್ಮಂಡ್ ಎರಡೂ ಕೆನ್ನೆ ಒಳಕ್ಕೆಳೆದು ತೋರಿಸಿದ.
ಎಲ್ಲರಿಗೂ ತಿಳಿಯಿತು.

ಲೋಟದಡಿಯ ರಟ್ಟಿನ ಮೇಲೆ ತಲಾ ಒಂದೇ ಮಾತು ಬರೆದು
ಬಿಸ್ಕತ್ತಿನ ಡಬ್ಬಿಗೆ ಹಾಕುವುದು ಇಲ್ಲಿಯ ಕ್ರಮ.
ಫಿಲಿಪಾ ಓರ್ಮ್ ಬರೆದಳು: ಅಂಜೂರ.
ಡೆಸ್ಮಂಡ್ ಕೆನ್ನೆಯ ಚಿತ್ರ ಬಿಡಿಸಿದ.
ಈನಕ್ ಬರೆದ: ಅಕ್ರೋಟು.

ವಿನಿ ಸಾಲ್ಟ್ ತನ್ನ ಲೋಟ ಮತ್ತೊಮ್ಮೆ ಮೂಸಿದಳು.
ಅಕ್ರೋಟು ಹೋದ ವರ್ಷದ್ದು. ಅದರ ಹಿಂದಿನದ್ದೂ.
ಈ ಸಲ ಅದು ಇಲ್ಲವೇ ಇಲ್ಲ.
ಫೆಬ್ರವರಿಯ ಜ್ವರ ನೆನಪಾಯಿತು ಅವಳಿಗೆ,
ಆಮೇಲೊಂದು ದಿನ ಒಲೆಯ ಮೇಲೆ ಹಾಲು ಸೀದು ಕರಕಾದರೂ
ಪಕ್ಕದಲ್ಲೇ ಅವನು ಪೇಪರ್ ಓದುತ್ತಾ ಕೂತಿದ್ದದ್ದು.

ಶಾಲೆಯಲ್ಲಿ ಅಡುಗೆಯವಳು, ದನಿ ತಗ್ಗಿಸಿ ಗೊತ್ತಿಲ್ಲ.
"ಮೇಲುಗಡೆ ಸುಟ್ಟ ಕಿತ್ತಳೆ ಸಿಪ್ಪೆ," ಎಂದಳು ಗೋಡೆಗೆ,
"ಕೆಳಗೆ ಚರ್ಚಿನ ಬೆಂಚು, ಮೇಣ ತಿಕ್ಕಿದ್ದು. ಅದಕ್ಕೂ ಕೆಳಗೆ
ಸೋಯಾ ಸಾಸು, ಇಷ್ಟೇ ಇಷ್ಟು. ಮುಪ್ಪು. ತಪ್ಪೇನಲ್ಲ."
ಇಷ್ಟೊಂದು ಯಾಕೆ ಒದರ್ತೀ ಎಂದಳು ಫಿಲಿಪಾ.
ವಿನಿ ಇನ್ನೂ ಜೋರಾಗಿ ಒದರಿದಳು.

ಈನಕ್ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ.
ಗಂಟಲಿಂದ ಎದೆಗೆ ಬಿಸಿ, ಲಾಂದ್ರ ಹಿಡಿದವರಂತೆ,
ಒಂದೊಂದೇ ಮೆಟ್ಟಿಲು ನೋಡಿಕೊಂಡು ಇಳಿಯಿತು.
ರಟ್ಟು ಮಗುಚಿದ. ಹಿಂದೆ ಬರೆದ: ಬಿಸಿ.
ಪಕ್ಕದಲ್ಲಿ ಸಣ್ಣಗೆ: ಕಿತ್ತಳೆ, ವಿನಿ ಹೇಳಿದ್ದು.

ಒಂದೇ ಮಾತು ಎಂಬ ಕ್ರಮ ಯಾರೂ ಎತ್ತಲಿಲ್ಲ.
ತಳದ ಗಷ್ಟು ಕುಡಿಯಬಹುದಾ ಎಂದು ಕೇಳಿದ ಡೆಸ್ಮಂಡ್.
ಕುಡಿ, ಎಂದ ಈನಕ್.
ಹೇಗಿದೆ ಅಂತ ನನಗೂ ಹೇಳು.