ಲಗೇಜು

ಕೈಗವಸಿನ ಬೆರಳಲ್ಲಿ ಒಂದು ತೂತು,
ಅಷ್ಟೇ, ಅಂದರು ಇವರು, ರಜೆಗೆ ಬಂದ ದಿನ.

ಪ್ಲುಟೋನಿಯಂ ಕಬ್ಬಿಣದ ವೇಷ ಹಾಕುತ್ತದಂತೆ.
ರಕ್ತ ನಂಬಿ ಹೊತ್ತು
ಅರ್ಧ ಈಲಿಯಲ್ಲಿ ಇಳಿಸುತ್ತದೆ,
ಅರ್ಧ ಎಲುಬಿನ ಮೈಮೇಲೆ.

ಮದ್ದಿನ ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲ.
ಏಡಿಯ ಇಕ್ಕಳ ಅಂದುಕೊಳ್ಳಿ, ಅಂದರು ಡಾಕ್ಟರು.
ಅದು ಗೊತ್ತು.
ಕಕ್ಕಡದಲ್ಲಿ ಗದ್ದೆ ಬದುವಿನ ಬಿಲಕ್ಕೆ ಕೈ ಹಾಕಿದವಳು ನಾನು:
ಕಚ್ಚಿದ ಏಡಿ
ತಾನು ಸಾರಾಗುವವರೆಗೆ ಬಿಡುವುದಿಲ್ಲ.

ಆದರೆ ಏಡಿಗೆ ಮುಖದ ಗುರುತಿಲ್ಲ,
ಮೈಯ ಸತುವನ್ನೂ ಕಚ್ಚಿಕೊಂಡು ಹೋಗುತ್ತದೆ.
ಅದಕ್ಕೆ ಬೇರೆ ಗುಳಿಗೆ.

ಚುಚ್ಚಿದ ಮರುದಿನ
ಇಪ್ಪತ್ತನಾಲ್ಕು ಗಂಟೆಯ ಉಚ್ಚೆ, ಬಿಳಿ ಕ್ಯಾನು,
ಮಡಿಲಲ್ಲಿಟ್ಟುಕೊಂಡು ನಾಪೋಕ್ಲಿನಿಂದ ಮಡಿಕೇರಿ ಬಸ್ಸು.
ಜೇನಾ ದೇಚಮ್ಮಕ್ಕ? ಕೇಳಿದ ಕಂಡಕ್ಟರ್.
ಹೂಂ ಅಂದೆ.
ಲಗೇಜಿಗೆ ಹತ್ತು ರೂಪಾಯಿ ತೆಗೆದುಕೊಂಡ.

ಮೊದಲ ವಾರ ಲೆಕ್ಕ ಜಾಸ್ತಿ ಬಂತು,
ಆಮೇಲೆ ಇಳಿಯಿತು.
ಎಲುಬು ಸೇರಿದ್ದು ಎಲುಬಿನದೇ:
ಅರ್ಧ ಕರಗಲು ಐವತ್ತು ವರ್ಷ.
ಇವರಿಗೀಗ ಐವತ್ತೆಂಟು.
ಬೆರಳು ಮಡಚಿ ಕೂಡಿದೆವು,
ನಗು ಬಂತು ಇಬ್ಬರಿಗೂ.

ನಾನು ಹೋದರೆ, ಅಂದರು, ಬೂದಿ
ಕಾವೇರಿಗೆ ಬೇಡ.

ಆ ರಾತ್ರಿ ಏಡಿ ಸಾರು.
ಮೈಯೆಲ್ಲ ತಿಂದು
ಇಕ್ಕಳ ಎರಡನ್ನೂ ಮುರಿಯದೆ
ತಟ್ಟೆಯ ಅಂಚಿಗೆ ಇಟ್ಟರು.